ಕಡಲ ದಂಡೆಯಲ್ಲಿ ಮಕ್ಕಳ ಮಾತು

ಎಳೆಯ ಮಕ್ಕಳನ್ನು ಕರೆದುಕೊಂಡು ವಿದೇಶದ ಕಡಲತೀರಕ್ಕೆ ರಜೆ ಕಳೆಯಲು ಹೋಗುವುದು ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಒಂದು ಕಾಲದಲ್ಲಿ ಬೇಸಗೆ ರಜೆಯೆಂದರೆ ಅಜ್ಜಿಯ ಊರು. ಅದು ತಪ್ಪಿದರೆ ಧರ್ಮಸ್ಥಳ, ಶೃಂಗೇರಿ, ಹೊರನಾಡು. ಇಂದು ಫುಕೆಟ್, ಬಾಲಿ, ಮಾಲ್ದೀವ್ಸ್, ಶ್ರೀಲಂಕಾದ ಬೆಂಟೋಟ. ಬೆಂಗಳೂರಿನಿಂದ ನೇರ ವಿಮಾನ ಹಿಡಿದರೆ ಥಾಯ್ಲೆಂಡಿನ ಫುಕೆಟ್ ದ್ವೀಪ ಸುಮಾರು ನಾಲ್ಕು ಗಂಟೆಯ ದಾರಿ. ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಂಡರೆ ಸಾಕು, ಮಕ್ಕಳ ನಿದ್ದೆಯೂ ಕೆಡುವುದಿಲ್ಲ. ಇದನ್ನು ಕಂಡು ಮೂಗು ಮುರಿಯುವವರ ಸಾಲಿನಲ್ಲಿ ನಾನಿಲ್ಲ. ದುಡಿದ ಹಣದಲ್ಲಿ ಮಕ್ಕಳಿಗೆ ಕಡಲು ತೋರಿಸುವುದಕ್ಕಿಂತ ಒಳ್ಳೆಯ ಖರ್ಚು ಯಾವುದಿದೆ?

ನನ್ನ ತಕರಾರು ಇರುವುದು ಸಿದ್ಧತೆಯ ವಿಷಯದಲ್ಲಿ. ನಮ್ಮವರ ಸಿದ್ಧತೆಯನ್ನು ಹತ್ತಿರದಿಂದ ಬಲ್ಲೆ. ಅವಲಕ್ಕಿ, ಚಟ್ನಿಪುಡಿ, ಎಂಟಿಆರ್ ಪೊಟ್ಟಣಗಳು, ಪುಟ್ಟದೊಂದು ಅನ್ನದ ಕುಕ್ಕರ್, ಜ್ವರದ ಔಷಧಿ, ಸನ್‌ಸ್ಕ್ರೀನ್, ಒಂದೇ ಬಣ್ಣದ ಟೋಪಿಗಳು. ವೀಸಾ ಮತ್ತು ವಿಮೆಯ ಕಾಗದಗಳು ಪ್ಲಾಸ್ಟಿಕ್ ಚೀಲದಲ್ಲಿ ಒಪ್ಪವಾಗಿ ಕುಳಿತಿರುತ್ತವೆ. ಇಷ್ಟೆಲ್ಲದರ ನಡುವೆ ತಾವು ನೋಡಹೊರಟ ಕಡಲಿನ ಬಗ್ಗೆ ಮಕ್ಕಳಿಗೆ ಯಾರೂ ಒಂದು ಮಾತನ್ನೂ ಹೇಳಿರುವುದಿಲ್ಲ. ಅದಕ್ಕಿಂತಲೂ ಮುಖ್ಯವಾಗಿ, ದಂಡೆಯಲ್ಲಿ ನಿಂತ ಮಗು ಏನನ್ನಾದರೂ ಹೇಳಿದರೆ ಅದನ್ನು ಕೇಳಿಸಿಕೊಳ್ಳುವ ಸಿದ್ಧತೆ ದೊಡ್ಡವರಲ್ಲಿ ಇರುವುದಿಲ್ಲ. ಈ ಎರಡನೆಯದೇ ನನ್ನನ್ನು ಹೆಚ್ಚು ಕಾಡುತ್ತದೆ. ಏಕೆಂದು ವಿವರಿಸಲು ಇದೇ ಫುಕೆಟ್ ದ್ವೀಪದಲ್ಲಿ ನಡೆದ, ಮಕ್ಕಳೊಂದಿಗೆ ರಜೆಗೆ ಬಂದಿದ್ದ ಒಂದು ಕುಟುಂಬದ ಕಥೆಯನ್ನು ಹೇಳಬೇಕು. ನಿಮ್ಮಲ್ಲಿ ಕೆಲವರು ಅಂದಿನ ಪತ್ರಿಕೆಗಳಲ್ಲಿ ಓದಿರಬಹುದು. ಆದರೆ ಇಂದು ಸಣ್ಣ ಮಕ್ಕಳ ತಂದೆ ತಾಯಿಯರಾಗಿರುವ ನೀವು ಆಗ ಇನ್ನೂ ಶಾಲೆ ಕಾಲೇಜುಗಳಲ್ಲಿದ್ದಿರಿ.

2004ರ ಡಿಸೆಂಬರ್ 26, ಭಾನುವಾರ. ಕ್ರಿಸ್‌ಮಸ್ ಮರುದಿನ. ಇಂಗ್ಲೆಂಡಿನ ಸ್ಮಿತ್ ದಂಪತಿಗಳು ಹತ್ತು ವರ್ಷದ ಟಿಲ್ಲಿ ಮತ್ತು ಏಳು ವರ್ಷದ ಹಾಲಿ ಎಂಬ ತಮ್ಮ ಇಬ್ಬರು ಹೆಣ್ಣುಮಕ್ಕಳೊಂದಿಗೆ ಫುಕೆಟ್‌ನ ಮಾಯ್ ಖಾವ್ ಎಂಬ ಕಡಲತೀರದಲ್ಲಿ ಬೆಳಗಿನ ನಡಿಗೆಯಲ್ಲಿದ್ದರು. (ಫುಕೆಟ್ ವಿಮಾನ ನಿಲ್ದಾಣ ಇರುವುದು ಈ ತೀರಕ್ಕೆ ತಾಗಿಕೊಂಡೇ. ನಮ್ಮವರ ವಿಮಾನಗಳೂ ಅದರ ಮಗ್ಗುಲಲ್ಲೇ ಇಳಿಯುತ್ತವೆ.) ನೀರು ಎಂದಿನಂತೆ ಬಂದು ಹಿಂದಕ್ಕೆ ಹೋಗುತ್ತಿಲ್ಲ, ಬರುತ್ತಲೇ ಇದೆ, ಮೇಲೆಲ್ಲ ನೊರೆ ಉಕ್ಕುತ್ತಿದೆ, ಮರದ ದಿಮ್ಮಿಯೊಂದು ನೀರಿನಲ್ಲಿ ಗಿರಗಿರನೆ ಸುತ್ತುತ್ತಿದೆ ಎಂಬುದನ್ನು ಟಿಲ್ಲಿ ಗಮನಿಸಿದಳು. ಎರಡು ವಾರಗಳ ಹಿಂದೆಯಷ್ಟೇ ಆಕೆಯ ಭೂಗೋಳದ ಮೇಷ್ಟ್ರು ಆಂಡ್ರ್ಯೂ ಕಿಯರ್ನಿ ಎಂಬುವವರು ತರಗತಿಯಲ್ಲಿ ಸುನಾಮಿಯ ಪಾಠ ಮಾಡಿ, 1946ರಲ್ಲಿ ಹವಾಯಿ ದ್ವೀಪಗಳಿಗೆ ಬಡಿದ ಸುನಾಮಿಯ ಹಳೆಯ ಚಲನಚಿತ್ರದ ತುಣುಕನ್ನು ತೋರಿಸಿದ್ದರು. ಪಾಠದಲ್ಲಿ ಕಂಡದ್ದೇ ಕಣ್ಣೆದುರು ನಡೆಯುತ್ತಿದೆ ಎಂದು ಆ ಹುಡುಗಿಗೆ ಖಚಿತವಾಯಿತು. ಸುನಾಮಿ ಬರುತ್ತಿದೆ ಎಂದು ಕೂಗಾಡತೊಡಗಿದಳು.

ತಂದೆ ತಾಯಿ ಮೊದಲಿಗೆ ನಂಬಲಿಲ್ಲ. ನಂಬಲು ಕಾರಣವಾದರೂ ಏನಿತ್ತು? ಆಕಾಶ ತಿಳಿಯಾಗಿತ್ತು, ಜನ ಆರಾಮವಾಗಿ ಅಡ್ಡಾಡುತ್ತಿದ್ದರು. ಹುಡುಗಿ ಹಟ ಬಿಡಲಿಲ್ಲ. ಕೊನೆಗೆ ತಂದೆ ಆಕೆಯನ್ನು ಕರೆದುಕೊಂಡು ಹೋಟೆಲಿನ ಕಾವಲುಗಾರನ ಬಳಿಗೆ ಹೋಗಿ, ನಿಮಗೆ ಹುಚ್ಚೆನಿಸಬಹುದು, ಆದರೂ ನನ್ನ ಮಗಳು ಹೀಗೆನ್ನುತ್ತಿದ್ದಾಳೆ ಎಂದು ಸಂಕೋಚದಿಂದಲೇ ತಿಳಿಸಿದರು. ಹತ್ತಿರದಲ್ಲಿದ್ದ ಜಪಾನಿಯೊಬ್ಬರ ಕಿವಿಗೆ ‘ಸುನಾಮಿ’ ಎಂಬ ತಮ್ಮ ಭಾಷೆಯ ಪದ ಬಿದ್ದಿತು. ಸುಮಾತ್ರದಲ್ಲಿ ಭೂಕಂಪವಾಗಿರುವ ಸುದ್ದಿ ತಮಗೆ ಗೊತ್ತೆಂದೂ ಮಗು ಹೇಳುವುದು ನಿಜವಿರಬಹುದೆಂದೂ ಅವರು ದನಿಗೂಡಿಸಿದರು. ಸುಮಾರು ನೂರು ಮಂದಿಯನ್ನು ದಂಡೆಯಿಂದ ತೆರವು ಮಾಡಲಾಯಿತು. ಕೆಲವೇ ನಿಮಿಷಗಳಲ್ಲಿ ಅಲೆ ಬಂದು ಅಪ್ಪಳಿಸಿತು. ಆ ದ್ವೀಪದಲ್ಲಿ ಪ್ರಾಣಹಾನಿಯಿಲ್ಲದೆ ಉಳಿದ ಕೆಲವೇ ತೀರಗಳಲ್ಲಿ ಮಾಯ್ ಖಾವ್ ಒಂದು.

ಅದೇ ದಿನ ಥಾಯ್ಲೆಂಡಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ದೊಡ್ಡ ಪಾಲು ರಜೆಗೆ ಬಂದಿದ್ದ ವಿದೇಶೀಯರು. ಥಾಯ್ ದೊರೆ ಭೂಮಿಬೋಲರ ಇಪ್ಪತ್ತೊಂದು ವರ್ಷದ ಮೊಮ್ಮಗನೂ ಖಾವ್ ಲಾಕ್ ಎಂಬಲ್ಲಿ ಅಲೆಗೆ ಬಲಿಯಾದ. ಹಿಂದೂ ಮಹಾಸಾಗರದ ಸುತ್ತಲಿನ ಹದಿನಾಲ್ಕು ದೇಶಗಳಲ್ಲಿ ಸತ್ತವರು ಸುಮಾರು 2,27,000. ನಮ್ಮ ನಾಗಪಟ್ಟಣವನ್ನೂ ಅಂಡಮಾನ್ ನಿಕೋಬಾರನ್ನೂ ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಭೂಗೋಳ ಬೋಧಿಸಿದವನಿಗೆ ಇಲ್ಲಿ ಬಾಯಿ ಕಟ್ಟಿಕೊಂಡಿರುವುದು ಕಷ್ಟ. ಆದ್ದರಿಂದ ಎರಡು ಮಾತು. ಸುಮಾತ್ರದ ಬಳಿ 9.1 ಪ್ರಮಾಣದ ಭೂಕಂಪ ಆದದ್ದು ಫುಕೆಟ್‌ನ ಸಮಯದಲ್ಲಿ ಬೆಳಗಿನ ಎಂಟು ಗಂಟೆಗೆ. ಅಲೆ ಅಲ್ಲಿಗೆ ತಲುಪಿದ್ದು ಸುಮಾರು ಎರಡು ಗಂಟೆಗಳ ಅನಂತರ. ಸುನಾಮಿಯ ವೇಗವನ್ನು ನಿರ್ಧರಿಸುವುದು ನೀರಿನ ಆಳ. ನಾಲ್ಕು ಸಾವಿರ ಮೀಟರ್ ಆಳದ ಸಾಗರದಲ್ಲಿ ಅದು ಗಂಟೆಗೆ 700 ಕಿಲೋಮೀಟರಿನಷ್ಟು ವೇಗದಲ್ಲಿ ಓಡುತ್ತದೆ. ಐವತ್ತು ಮೀಟರ್ ಆಳಕ್ಕೆ ಬರುವಷ್ಟರಲ್ಲಿ ವೇಗ 80 ಕಿಲೋಮೀಟರಿಗೆ ಇಳಿದಿರುತ್ತದೆ. ವೇಗ ಕುಗ್ಗಿದಂತೆ ಹಿಂದಿನ ನೀರು ಮುಂದಿನ ನೀರಿನ ಬೆನ್ನೇರಿ ಎತ್ತರ ಹಿಗ್ಗುತ್ತದೆ. ಕೆಲವು ಕಡೆ ಅಲೆಗೆ ಮುನ್ನ ಕಡಲು ದೂರಕ್ಕೆ ಸರಿದು ತಳ ಕಾಣುತ್ತದೆ. ಅಂದು ಹಲವೆಡೆ ಹೀಗಾದಾಗ ಜನ ವಿಸ್ಮಯದಿಂದ ನೋಡುತ್ತ ನಿಂತರು. ಬಿದ್ದ ಮೀನುಗಳನ್ನೂ ಚಿಪ್ಪುಗಳನ್ನೂ ಆಯಲು ಮಕ್ಕಳು ಮುಂದಕ್ಕೆ ಓಡಿದರು. ಎರಡು ಗಂಟೆಗಳ ಸಮಯವಿತ್ತು, ಆದರೆ ಎಚ್ಚರಿಸುವ ವ್ಯವಸ್ಥೆ ಹಿಂದೂ ಮಹಾಸಾಗರದಲ್ಲಿ ಆಗ ಇರಲಿಲ್ಲ.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಹುಡುಗಿಯ ಜಾಣತನವನ್ನು ಕೊಂಡಾಡುತ್ತಾರೆ. ಅದು ನ್ಯಾಯವೇ. 2005ರಲ್ಲಿ ಆಕೆಗೆ ಗೌರವಗಳು ಸಂದವು. ವಿಶ್ವಸಂಸ್ಥೆಯಲ್ಲಿ ಬಿಲ್ ಕ್ಲಿಂಟನ್ ಅವರನ್ನು ಭೇಟಿಯಾದಳು. ಮೇಷ್ಟ್ರ ಪಾಲನ್ನೂ ಜನ ನೆನೆಯುತ್ತಾರೆ. ನಾನು ಹೆಚ್ಚು ಮೆಚ್ಚುವುದು ಮಾತ್ರ ಆ ತಂದೆಯನ್ನು. ಮಗಳು ಅರಚಾಡುತ್ತಿದ್ದಾಳೆ, ಸುತ್ತಲಿನವರು ನೋಡುತ್ತಿದ್ದಾರೆ, ಅವಮಾನವೆನಿಸುತ್ತಿದೆ, ತನಗೆ ಪೂರ್ತಿ ನಂಬಿಕೆಯೂ ಇಲ್ಲ. ಅಂಥ ಹೊತ್ತಿನಲ್ಲಿ ಪರದೇಶದ ಅಪರಿಚಿತನೊಬ್ಬನ ಮುಂದೆ ನಿಂತು ಹತ್ತು ವರ್ಷದ ಮಗಳ ಮಾತನ್ನು ದಾಟಿಸಲು ಸಣ್ಣ ಧೈರ್ಯ ಸಾಲದು.

ಅದೇ ಹುಡುಗಿ ನಮ್ಮ ಮನೆಯಲ್ಲಿ ಹುಟ್ಟಿದ್ದರೆ? ನಮ್ಮ ಭಾಷೆಯಲ್ಲಿ ಅಂಥ ಮಕ್ಕಳಿಗಾಗಿಯೇ ಒಂದು ಪದ ಸಿದ್ಧವಾಗಿದೆ: ಅಧಿಕಪ್ರಸಂಗಿ. ದೊಡ್ಡವರು ಮಾತನಾಡುವಾಗ ನಡುವೆ ಬಾಯಿ ಹಾಕಬಾರದು. ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು. ಹೊರಗಡೆ ಮಾನ ಕಳೆಯಬಾರದು. ಈ ಮಾತುಗಳನ್ನು ಕೇಳದೆ ಬೆಳೆದ ಕನ್ನಡದ ಮಗು ಇದ್ದಂತಿಲ್ಲ. ವಿನಯ ಬೇಡವೆಂದು ನಾನು ಹೇಳುತ್ತಿಲ್ಲ. ತರಗತಿಯಲ್ಲಿ ನನ್ನ ಶಿಸ್ತು ಎಷ್ಟಿತ್ತೆಂಬುದು ಈ ಪುಟವನ್ನು ಓದುವವರಿಗೆ ಚೆನ್ನಾಗಿಯೇ ನೆನಪಿದೆ. ಆದರೆ ಮಗುವಿನ ಬಾಯಿ ಮುಚ್ಚಿಸುವುದು ಬೇರೆ, ಮಗುವಿಗೆ ಮರ್ಯಾದೆ ಕಲಿಸುವುದು ಬೇರೆ. ದೊಡ್ಡವರು ದಂಡೆಯ ಮೇಲೆ ಕುಳಿತಾಗ ಕಣ್ಣುಗಳು ಫೋನಿನಲ್ಲಿರುತ್ತವೆ, ಮನಸ್ಸು ಮಧ್ಯಾಹ್ನದ ಊಟಕ್ಕೆ ಸಸ್ಯಾಹಾರ ಎಲ್ಲಿ ಸಿಗುತ್ತದೆಂಬ ಚಿಂತೆಯಲ್ಲಿರುತ್ತದೆ. ಇಡೀ ಪರಿವಾರದಲ್ಲಿ ನೀರನ್ನು ನಿಜವಾಗಿ ನೋಡುತ್ತಿರುವುದು ಮಗು ಒಂದೇ.

ಮಕ್ಕಳಿಗೆ ಕಡಲನ್ನು ಕಲಿಸಲು ದೊಡ್ಡ ಶಾಲೆಗಳೇ ಬೇಕೆಂದಿಲ್ಲ. ಭೂಕಂಪದ ಕೇಂದ್ರಕ್ಕೆ ಬಲು ಸಮೀಪದಲ್ಲಿದ್ದ ಸುಮಾತ್ರದ ಸಿಮೆಲುವೆ ದ್ವೀಪದ ಉದಾಹರಣೆ ನೋಡಿ. 1907ರಲ್ಲಿ ಅಲ್ಲಿಗೆ ಸುನಾಮಿ ಬಡಿದು ಬಹಳ ಜನ ಸತ್ತಿದ್ದರು. ಅದಕ್ಕೆ ಅಲ್ಲಿಯವರು ತಮ್ಮ ಭಾಷೆಯಲ್ಲಿ ‘ಸ್ಮೋಂಗ್’ ಎಂದು ಹೆಸರಿಟ್ಟು, ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಬೇಕೆಂಬುದನ್ನು ಕಥೆಯಾಗಿ, ಜೋಗುಳವಾಗಿ ಮೂರು ನಾಲ್ಕು ತಲೆಮಾರುಗಳ ಕಾಲ ಮಕ್ಕಳಿಗೆ ಹೇಳುತ್ತ ಬಂದರು. 2004ರಲ್ಲಿ ಸುಮಾರು 78,000 ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ ಎಂದು ದಾಖಲಾಗಿದೆ. ಅಜ್ಜಿಯರ ಬಾಯಲ್ಲಿದ್ದ ಒಂದೇ ಒಂದು ಪದ ಇಷ್ಟು ಕೆಲಸ ಮಾಡಿತು.

ನಾವು ಬಯಲುಸೀಮೆಯವರು. ನಮ್ಮ ಅಜ್ಜಿಯರಿಗೆ ಕೆರೆಯ ಸುಳಿ ಗೊತ್ತಿತ್ತು, ಬಾವಿಯ ಪಾಚಿ ಗೊತ್ತಿತ್ತು; ಕಡಲಿನ ಕಥೆ ಅವರ ಸೆರಗಿನಲ್ಲಿ ಇರಲಿಲ್ಲ. ಸೋರೆಬುರುಡೆ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿತವನು ಕಡಲಿಗೂ ಸೈ ಎಂದುಕೊಳ್ಳುತ್ತಾನೆ. ಕೆರೆಯ ನೀರು ನಿಂತಲ್ಲೇ ನಿಲ್ಲುತ್ತದೆ; ಕಡಲಿನ ನೀರು ಎಳೆಯುತ್ತದೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನಮ್ಮದೇ ಮುರುಡೇಶ್ವರದ ಕಡಲಿನಲ್ಲಿ ಮುಳುಗಿಹೋದರು. ಆ ಸುದ್ದಿಯನ್ನು ಓದಿದ ದಿನ ಊಟ ಸೇರಲಿಲ್ಲ. ನಾಡಿನ ಮೂಡಣ ತುದಿಯಿಂದ ಪಡುವಣ ತುದಿಗೆ ಬಂದಿದ್ದ ಆ ಮಕ್ಕಳಿಗೆ ಕಡಲೆಂದರೆ ಎಷ್ಟು ಸಂಭ್ರಮವಾಗಿತ್ತೋ!

ಸುನಾಮಿ ಒಬ್ಬರ ಜೀವಮಾನದಲ್ಲಿ ಒಮ್ಮೆ ಬಂದರೂ ಹೆಚ್ಚು. ಈಗ ಹಿಂದೂ ಮಹಾಸಾಗರಕ್ಕೂ ಮುನ್ಸೂಚನಾ ವ್ಯವಸ್ಥೆಯಿದೆ. ನಮ್ಮ ಹೈದರಾಬಾದಿನ ಕೇಂದ್ರವೂ 2007ರಿಂದ ಆ ಕೆಲಸ ಮಾಡುತ್ತಿದೆ. 2012ರ ಏಪ್ರಿಲ್ 11ರಂದು ಸುಮಾತ್ರದ ಬಳಿ 8.6 ಪ್ರಮಾಣದ ಕಂಪನವಾದಾಗ ಫುಕೆಟ್‌ನ ಜನರನ್ನು ಎತ್ತರದ ಜಾಗಗಳಿಗೆ ಕಳುಹಿಸಿ ವಿಮಾನ ನಿಲ್ದಾಣವನ್ನು ಮುಚ್ಚಿದರು. ಅಂದು ಭೂಫಲಕ ಪಕ್ಕಕ್ಕೆ ಜಾರಿತ್ತೇ ಹೊರತು ಮೇಲೆದ್ದಿರಲಿಲ್ಲವಾದ್ದರಿಂದ ದೊಡ್ಡ ಅಲೆ ಬರಲಿಲ್ಲ. ನಮ್ಮ ಮಕ್ಕಳಿಗೆ ನಿತ್ಯದ ಅಪಾಯವಿರುವುದು ಇದಕ್ಕಿಂತ ಬಹಳ ಸಾಧಾರಣವಾದ ಒಂದು ವಿದ್ಯಮಾನದಿಂದ. ಇಂಗ್ಲಿಷಿನಲ್ಲಿ ಅದನ್ನು ರಿಪ್ ಕರೆಂಟ್ ಎನ್ನುತ್ತಾರೆ. ಸೆಳೆತ ಎಂದು ನಾವು ಹೇಳಬಹುದು. ಮಳೆಗಾಲದಲ್ಲಿ ಹೊಲದ ಬದುವಿನ ಹಿಂದೆ ನೀರು ತುಂಬಿ, ಎಲ್ಲೋ ಒಂದು ಕಡೆ ಬದು ಒಡೆದು, ಇರುವ ನೀರೆಲ್ಲ ಆ ಕಂಡಿಯಿಂದಲೇ ನುಗ್ಗುವುದನ್ನು ನೋಡಿದ್ದೀರಲ್ಲವೆ? ಅಲೆಗಳು ದಂಡೆಗೆ ತಂದು ಸುರಿದ ನೀರು ಮರಳುದಿಬ್ಬದ ನಡುವಿನ ಕಂಡಿಯಿಂದ ಹಾಗೆಯೇ ಕಡಲಿಗೆ ಹಿಂದಿರುಗುತ್ತದೆ. ಬಲವಾದಾಗ ಅದರ ವೇಗ ಸೆಕೆಂಡಿಗೆ 2 ಮೀಟರನ್ನೂ ಮುಟ್ಟಬಹುದು. ಒಲಿಂಪಿಕ್ ಈಜುಗಾರ ಕೂಡ ಅದಕ್ಕೆದುರಾಗಿ ಗೆಲ್ಲಲಾರ. ವಿಪರ್ಯಾಸವೆಂದರೆ ಆ ಜಾಗದಲ್ಲಿ ಅಲೆಗಳು ಒಡೆಯುವುದು ಕಡಿಮೆಯಾದ್ದರಿಂದ ನೀರು ಶಾಂತವಾಗಿ, ತುಸು ಕಪ್ಪಾಗಿ ಕಾಣುತ್ತದೆ. ಮಕ್ಕಳಿಗೆ ಇಲ್ಲಿಯೇ ಒಳ್ಳೆಯದು ಎಂದು ಅಮ್ಮಂದಿರು ಆರಿಸಿಕೊಳ್ಳುವುದು ಅದೇ ಜಾಗವನ್ನು! ಸಿಕ್ಕಿಕೊಂಡವರು ದಂಡೆಯತ್ತ ಹೋರಾಡದೆ, ತೇಲುತ್ತ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ನಾಲ್ಕು ವರ್ಷದ ಮಗು ಹಾಗೆ ಮಾಡಲಾರದು. ಆದ್ದರಿಂದ ಮಗುವಿನಿಂದ ಕೈಯಳತೆಯಲ್ಲಿ, ನೀರಿನ ಕಡೆಗೆ, ಫೋನಿಲ್ಲದ ಒಬ್ಬ ಹಿರಿಯರು ನಿಂತಿರಬೇಕು. ನಿಮ್ಮ ಮೊಣಕಾಲಿಗೆ ಬರುವ ಅಲೆ ಅದರ ಎದೆಗೆ ಬರುತ್ತದೆ. ಮುಳುಗುವ ಮಗು ಸಿನಿಮಾದಲ್ಲಿಯಂತೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಸದ್ದಿಲ್ಲದೆ ಹೋಗುತ್ತದೆ.

ಇದಕ್ಕೆ ಜೋಡಿಯಾಗಿ ಪಂಚಾಂಗದ ತೊಂದರೆಯೊಂದಿದೆ. ನಮ್ಮ ಶಾಲೆಗಳಿಗೆ ದೀರ್ಘ ರಜೆ ಸಿಗುವುದು ಏಪ್ರಿಲ್-ಮೇ ತಿಂಗಳಲ್ಲಿ ಮತ್ತು ದಸರೆಗೆ. ಫುಕೆಟ್‌ನ ಪಡುವಣ ತೀರಗಳಾದ ಪಟೋಂಗ್, ಕರೋನ್, ಕಟಾ ಮೊದಲಾದವು ಪ್ರಶಾಂತವಾಗಿರುವುದು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಜೂನ್‌ನಲ್ಲಿ ನಮ್ಮ ಮಲೆನಾಡನ್ನು ತೋಯಿಸುವ ನೈಋತ್ಯ ಮಾರುತವೇ ಮೇ ತಿಂಗಳ ನಡುವಿನಲ್ಲಿ ಅಂಡಮಾನ್ ಕಡಲನ್ನು ಕಲಕಲು ತೊಡಗಿ, ಅಕ್ಟೋಬರ್‌ವರೆಗೆ ಬಿಡುವುದಿಲ್ಲ. ಹೋಟೆಲುಗಳು ಮೇ ತಿಂಗಳಲ್ಲಿ ಏಕಾಏಕಿ ಅಗ್ಗವಾಗುವುದು ನಮ್ಮ ಮೇಲಿನ ಪ್ರೀತಿಯಿಂದಲ್ಲ. ಆಗ ದಂಡೆಯಲ್ಲಿ ಕೆಂಪು ಬಾವುಟಗಳು ಹಾರಾಡುತ್ತವೆ. ಕೆಂಪು ಬಾವುಟವೆಂದರೆ ನೀರಿಗೆ ಇಳಿಯಲೇಕೂಡದು. ಕೆಂಪು-ಹಳದಿ ಬಾವುಟಗಳೆರಡರ ನಡುವೆ ಮಾತ್ರ ಜೀವರಕ್ಷಕರ ಕಾವಲಿನಲ್ಲಿ ಇಳಿಯಬಹುದು. ಅಷ್ಟು ದುಡ್ಡು ಕೊಟ್ಟು ಬಂದು ಪಾದವನ್ನಾದರೂ ನೆನೆಸದೆ ಹೋಗುವುದೇ ಎಂಬ ನಮ್ಮ ವಾದವನ್ನು ಅಲೆಗಳು ಆಲಿಸುವುದಿಲ್ಲ.

ಬಾವುಟದ ಜವಾಬ್ದಾರಿಯನ್ನು ಮಕ್ಕಳಿಗೇ ವಹಿಸಬೇಕೆಂಬುದು ನನ್ನ ಅಭಿಪ್ರಾಯ. ಮೊದಲ ದಿನ ನೀರಿಗಿಳಿಯುವ ಮುನ್ನ ದಂಡೆಯ ಉದ್ದಕ್ಕೂ ಒಮ್ಮೆ ನಡೆಯಿರಿ. ಬಾವುಟ ಎಲ್ಲಿದೆ, ಜೀವರಕ್ಷಕ ಎಲ್ಲಿ ಕುಳಿತಿದ್ದಾನೆ, ಅಲೆ ಮತ್ತು ಓಡುವ ಮನುಷ್ಯನ ಚಿತ್ರವಿರುವ ಸುನಾಮಿ ಫಲಕದ ಬಾಣ ಯಾವ ಕಡೆ ತೋರಿಸುತ್ತಿದೆ ಎಂಬುದನ್ನು ಹುಡುಕುವ ಆಟ ಆಡಿಸಿ. ಆರೇಳು ವರ್ಷದ ಮಗುವಿಗೆ ದಿನವೂ ಬಾವುಟ ನೋಡಿ ಬಂದು ವರದಿ ಮಾಡುವ ಹುದ್ದೆ ಕೊಡಿ. ತರಗತಿಯ ಮಾನಿಟರುಗಳನ್ನು ನೇಮಿಸಿದವನ ಅನುಭವದಿಂದ ಹೇಳುತ್ತೇನೆ, ಆ ವಯಸ್ಸಿನವರಷ್ಟು ಕಟ್ಟುನಿಟ್ಟಿನ ಅಧಿಕಾರಿಗಳು ಸರ್ಕಾರದ ಯಾವ ಇಲಾಖೆಯಲ್ಲಿಯೂ ಸಿಗುವುದಿಲ್ಲ. ಅಪ್ಪ ಇಳಿಯಬಾರದೆಂದು ಅದು ತೀರ್ಪು ಕೊಟ್ಟರೆ ಅಪ್ಪ ಇಳಿಯಬಾರದು.

ಹಾಗೆಯೇ ಕಡಲನ್ನು ಕಂಡು ಹಿಂಜರಿಯುವ ಮಗುವಿನ ವಿಷಯ. ಅಲೆ ನೋಡಿ ಅಮ್ಮನ ಕಾಲನ್ನು ತಬ್ಬಿಕೊಳ್ಳುವ ಮಗುವನ್ನು ಹೆದರುಪುಕ್ಕಲ ಎಂದು ಹಾಸ್ಯ ಮಾಡಿ, ಮಾವನೋ ಚಿಕ್ಕಪ್ಪನೋ ಎತ್ತಿಕೊಂಡು ಹೋಗಿ ನೀರಿನಲ್ಲಿ ಅದ್ದಿ, ಅದು ಅಳುವುದನ್ನು ಚಿತ್ರೀಕರಿಸಿ ಬಂಧುಗಳ ಗುಂಪಿಗೆ ಕಳುಹಿಸುವ ಪದ್ಧತಿಯೊಂದು ಬೆಳೆದಿದೆ. ನನಗೂ ಅಂಥವು ಬರುತ್ತವೆ. ದಯವಿಟ್ಟು ಕಳುಹಿಸಬೇಡಿ. ಕಾಣದ ಬಲವೊಂದು ಕಾಲಡಿಯ ಮರಳನ್ನು ಎಳೆಯುತ್ತಿದೆ ಎಂದು ಆ ಮಗುವಿಗೆ ತಿಳಿದಿದೆ. ಅದರ ಭಯದಲ್ಲಿ ವಿವೇಕವಿದೆ. ಒಂದು ದಿನ ದಂಡೆಯಲ್ಲಿ ಕುಳಿತು ನೋಡಲಿ; ಎರಡನೆಯ ದಿನ ಹೆಬ್ಬೆರಳು ನೆನೆಸಲಿ; ನಾಲ್ಕನೆಯ ದಿನ ತಾನಾಗಿ ನಿಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತದೆ.

ನಾಲ್ಕನೆಯ ದಿನವೂ ಅದೇ ದಂಡೆಯಲ್ಲಿದ್ದರೆ ತಾನೆ! ನಮ್ಮ ಪ್ರವಾಸಗಳ ಪಟ್ಟಿ ನೋಡಿದರೆ ತಲೆ ಸುತ್ತುತ್ತದೆ. ಬೆಳಗ್ಗೆ ಆರಕ್ಕೆ ಎಬ್ಬಿಸಿ ಸ್ಪೀಡ್‌ಬೋಟಿನಲ್ಲಿ ಫಿ ಫಿ ದ್ವೀಪಗಳು, ಮರುದಿನ 1974ರ ಜೇಮ್ಸ್ ಬಾಂಡ್ ಚಿತ್ರದಿಂದ ಹೆಸರು ಪಡೆದ ಬಂಡೆ, ಅದರ ಮರುದಿನ ಮತ್ತೊಂದು. ಪ್ರವಾಸಿಗರ ಕಾಲ್ತುಳಿತದಿಂದ ಹವಳಗಳು ನಾಶವಾಗಿ 2018ರಿಂದ 2022ರವರೆಗೆ ಮುಚ್ಚಬೇಕಾಗಿ ಬಂದ ಮಾಯಾ ಕೊಲ್ಲಿಯಲ್ಲಿ ನಿಂತು ಒಂದು ಫೋಟೋ. ದೋಣಿಯ ಕುಲುಕಾಟಕ್ಕೆ ವಾಂತಿ ಮಾಡಿಕೊಂಡ ಮಗುವಿಗೆ ಇದರಲ್ಲಿ ಏನು ದಕ್ಕಿತು? ಮೂರು ವರ್ಷದ ಮಗುವಿಗೆ ದ್ವೀಪಗಳ ಲೆಕ್ಕ ಬೇಡ. ಒಂದು ಬಕೆಟ್ಟು, ಒಂದು ಸಲಿಕೆ, ಒದ್ದೆ ಮರಳು, ತೂತಿನೊಳಗೆ ಮಾಯವಾಗುವ ಏಡಿ, ಮತ್ತು ಹೊರಡು ಹೊರಡು ಎಂದು ಅವಸರಪಡಿಸದ ಒಬ್ಬರು ಇದ್ದರೆ ಅದರ ರಜೆ ಸಾರ್ಥಕ. ಒಂದೇ ದಂಡೆಯಲ್ಲಿ ಐದು ದಿನ ಕುಳಿತ ಮಗುವಿಗೆ ಭರತ ಇಳಿತಗಳ ಹೊತ್ತು ತಾನಾಗಿ ತಿಳಿಯುತ್ತದೆ. ನಿನ್ನೆ ಕಟ್ಟಿದ ಮನೆ ಇಂದು ಏಕಿಲ್ಲ ಎಂದು ಅದು ಕೇಳುತ್ತದೆ. ಇಂದಿನ ನೀರು ನಿನ್ನೆಯಂತಿಲ್ಲ ಎಂದು ಹೇಳಬಲ್ಲದ್ದೂ ಅದೇ ಮಗು. ಹಾಗೆ ಹೇಳಿದಾಗ ಎದ್ದು ಬನ್ನಿ, ಕಾರಣವನ್ನು ಆಮೇಲೆ ಕೇಳಿ. ಅದರ ಮಾತು ಸುಳ್ಳಾದರೆ ನಿಮಗಾಗುವ ನಷ್ಟ ಅರ್ಧ ಗಂಟೆ.

ಮೇ ತಿಂಗಳಲ್ಲಿಯೇ ಹೋಗಬೇಕಾದ ಅನಿವಾರ್ಯವಿರುವವರು ಥಾಯ್ಲೆಂಡಿನ ಪೂರ್ವಕ್ಕಿರುವ ಸಮುಯಿ ದ್ವೀಪವನ್ನು ಪರಿಗಣಿಸಬಹುದು. ಅಲ್ಲಿಯ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಾದ್ದರಿಂದ ನಮ್ಮ ಬೇಸಗೆ ರಜೆಗೆ ಆ ಕಡಲು ಹೆಚ್ಚು ಸೌಮ್ಯ. ಆದರೆ ಆ ಭಾಗದಲ್ಲಿ ಬಾಕ್ಸ್ ಜೆಲ್ಲಿಫಿಶ್ ಎಂಬ ವಿಷಕಾರಿ ಅಂಬಲಿ ಮೀನಿನ ಕಾಟವುಂಟು. ಮಕ್ಕಳಿಗೆ ಮೈತುಂಬ ಮುಚ್ಚುವ ಈಜುಡುಗೆ ತೊಡಿಸಿ. ಹಲವು ದಂಡೆಗಳಲ್ಲಿ ಕಂಬಗಳಿಗೆ ವಿನೆಗರ್ ಬಾಟಲಿ ಕಟ್ಟಿಟ್ಟಿರುತ್ತಾರೆ. ಕುಟುಕಿದ ಜಾಗವನ್ನು ಉಜ್ಜದೆ, ಸಿಹಿನೀರು ಹಾಕದೆ, ವಿನೆಗರನ್ನು ಧಾರಾಳವಾಗಿ ಅರ್ಧ ನಿಮಿಷವಾದರೂ ಸುರಿದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಆ ಕಂಬ ಎಲ್ಲಿದೆ ಎಂಬುದನ್ನೂ ಬಾವುಟದ ಅಧಿಕಾರಿಯ ಪಟ್ಟಿಗೆ ಸೇರಿಸಿಬಿಡಿ.